ವಿನೈಲ್ ಕೇಳುವ ಬಿಸಿ, ಬಟ್ಟೆ ತಡೆಯುವ ಬಿಸಿ

ಒಂದೇ ರೋಲ್‌ನಿಂದ ಕತ್ತರಿಸಿದ ಬಿಳಿ ಹೀಟ್ ಟ್ರಾನ್ಸ್‌ಫರ್ ವಿನೈಲ್, ಅಂದರೆ ಬಿಸಿಯಲ್ಲಿ ಒತ್ತಿ ಬಟ್ಟೆಗೆ ಅಂಟಿಸುವ ಬಣ್ಣದ ಪ್ಲಾಸ್ಟಿಕ್ ಹಾಳೆ ಇದೆ ಅಂದುಕೊಳ್ಳಿ. ಅದನ್ನು ಬಿಸಿ ತಟ್ಟೆಯಿಂದ ಒತ್ತುವ ಪ್ರೆಸ್ಸೂ ಒಂದೇ. 150 ಡಿಗ್ರಿ ಸೆಲ್ಸಿಯಸ್, 15 ಸೆಕೆಂಡ್. ಹತ್ತಿಯ ಟೀ ಶರ್ಟ್ ಮೇಲೆ ಅಕ್ಷರಗಳು ಚೆನ್ನಾಗಿ ಕೂರುತ್ತವೆ. ಕೆಂಪು ಪಾಲಿಯೆಸ್ಟರ್ ಜೆರ್ಸಿ ಮೇಲೂ ಕೂರುತ್ತವೆ, ಆದರೆ ಒಂದೆರಡು ದಿನದಲ್ಲಿ ಬಿಳಿ ಬಣ್ಣ ತಿಳಿ ಗುಲಾಬಿಗೆ ತಿರುಗಬಹುದು. ನೀರು ಹಿಡಿಯದ ನೈಲಾನ್ ಜಾಕೆಟ್ ಮೇಲಿಂದ ಮೊದಲ ಸಲ ಒಗೆದಾಗಲೇ ಎದ್ದು ಬರಬಹುದು. ತೆಳ್ಳನೆಯ ನಾನ್‌ವೋವನ್ (ನೇಯದೆ ಮಾಡಿದ ಬಟ್ಟೆಯ) ಚೀಲವಂತೂ ಪ್ರೆಸ್ ಎತ್ತುವಷ್ಟರಲ್ಲಿ ಸುರುಟಿಕೊಂಡು ಗಟ್ಟಿಯಾಗಿರುತ್ತದೆ.

ಇದರಲ್ಲಿ ವಿನೈಲ್‌ನ ತಪ್ಪೇನೂ ಇಲ್ಲ. ಪ್ಯಾಕೆಟ್ ಮೇಲೆ ಬರೆದಿರುವ ಡಿಗ್ರಿ ಮತ್ತು ಸೆಕೆಂಡ್ ಅದರ ಅಂಟಿಗೆ ಬೇಕಾದದ್ದು. ಕೆಳಗಿರುವ ಬಟ್ಟೆ ಎಷ್ಟು ಬಿಸಿ ತಡೆಯುತ್ತದೆ, ಬಿಸಿ ತಾಗಿದಾಗ ಏನಾಗುತ್ತದೆ ಎನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅಂಟಿಗೆ ಸಾಲುವಷ್ಟು, ಬಟ್ಟೆಗೆ ಮೀರದಷ್ಟು ಬಿಸಿ ಎಲ್ಲಿದೆ ಎಂದು ಹುಡುಕುವುದೇ ಇಲ್ಲಿನ ನಿಜವಾದ ಕೆಲಸ. ಕೆಲವು ಬಟ್ಟೆಗಳಲ್ಲಿ ಆ ಜಾಗ ದೊಡ್ಡದು. ಕೆಲವದರಲ್ಲಿ ತೀರಾ ಚಿಕ್ಕದು. ಕೆಲವದರಲ್ಲಿ ಇಲ್ಲವೇ ಇಲ್ಲ, ಆಗ ಬೇರೆ ವಿನೈಲ್ ತರಬೇಕು.

ವಿನೈಲ್‌ನ ಒಳಗೆ ಏನಿದೆ

ಕೈಯಲ್ಲಿ ಹಿಡಿದು ನೋಡಿದರೆ ಒಂದೇ ಹಾಳೆ ಅನಿಸುತ್ತದೆ. ಅದರಲ್ಲಿ ಮೂರು ಪದರ ಇವೆ. ಮೇಲಿನದು ಹೊಳೆಯುವ, ಪಾರದರ್ಶಕವಾದ ಪಾಲಿಯೆಸ್ಟರ್ ಹಾಳೆ. ಇದನ್ನು ಕ್ಯಾರಿಯರ್ ಶೀಟ್ ಅನ್ನುತ್ತಾರೆ. ಕತ್ತರಿಸಿದ ಅಕ್ಷರಗಳನ್ನು ಜಾಗ ಬಿಟ್ಟು ಹೋಗದಂತೆ ಹಿಡಿದುಕೊಳ್ಳುವುದು, ಪ್ರೆಸ್‌ನ ಬಿಸಿ ತಟ್ಟೆ ನೇರವಾಗಿ ಬಣ್ಣಕ್ಕೆ ತಾಗದಂತೆ ತಡೆಯುವುದು ಇದರ ಕೆಲಸ. ನಡುವಿನದು ಬಣ್ಣದ ಪದರ. ಇದು ಪಾಲಿಯುರೆಥೇನ್ ಆಗಿರಬಹುದು, ಪಿವಿಸಿ ಆಗಿರಬಹುದು, ಎರಡೂ ಪ್ಲಾಸ್ಟಿಕ್ಕೇ. ಪಾಲಿಯುರೆಥೇನ್ ಸಾಮಾನ್ಯವಾಗಿ ತೆಳು, ಮೆತ್ತಗೆ, ಹಿಗ್ಗುವ ಗುಣ ಜಾಸ್ತಿ. ಪಿವಿಸಿ ದಪ್ಪ, ಬೆಲೆ ಕಡಿಮೆ. ಕೆಳಗಿನದು ಅಂಟು. ಅದು ಮಾಮೂಲಿ ಬಿಸಿಯಲ್ಲಿ ಒಣಗಿದ ಪ್ಲಾಸ್ಟಿಕ್, ಮುಟ್ಟಿದರೆ ಕೈಗೆ ಅಂಟುವುದಿಲ್ಲ. ಬಿಸಿ ಏರಿದಾಗ ಮಾತ್ರ ಕರಗಿ ಹರಿಯುತ್ತದೆ.

ಈ ರಚನೆಯಿಂದಲೇ ಕತ್ತರಿಸುವ ಕ್ರಮವೂ ಬರುತ್ತದೆ. ಹೊಳೆಯುವ ಕ್ಯಾರಿಯರ್ ಶೀಟ್ ಕೆಳಗೆ ಇರಬೇಕು, ಅಂಟಿನ ಬದಿ ಮೇಲೆ. ಕತ್ತರಿಸುವ ಯಂತ್ರದ ಬ್ಲೇಡ್ ಅಂಟು ಮತ್ತು ಬಣ್ಣ ಎರಡನ್ನೂ ಕೊಯ್ದು, ಕ್ಯಾರಿಯರ್ ಶೀಟ್‌ಗೆ ತಾಗಿಯೂ ತಾಗದಂತೆ ನಿಲ್ಲಬೇಕು. ಹಿಂಬದಿಯಿಂದ ಕತ್ತರಿಸುತ್ತಿರುವುದರಿಂದ ವಿನ್ಯಾಸವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಕೊಡಬೇಕು, ಅಂದರೆ ಮಿರರ್ ಮಾಡಬೇಕು. ಹೃದಯ, ನಕ್ಷತ್ರ ಕತ್ತರಿಸುವಾಗ ಇದನ್ನು ಮರೆತರೂ ನಡೆಯುತ್ತದೆ, ಅಕ್ಷರಗಳಲ್ಲಿ ನಡೆಯುವುದಿಲ್ಲ. ಪ್ರತಿ ಹೊಸ ರೋಲ್‌ಗೂ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕತ್ತರಿಸಿ ನೋಡುವುದು ಒಳ್ಳೆಯದು. ಚೌಕ ಸಲೀಸಾಗಿ ಎದ್ದು ಬರಬೇಕು, ಕೆಳಗಿನ ಹಾಳೆಯಲ್ಲಿ ಆಳವಾದ ಗೀರು ಕಾಣಬಾರದು. ಆಮೇಲೆ ಬೇಡದ ಭಾಗವನ್ನೆಲ್ಲ ಕೊಕ್ಕೆಯಂಥ ಸೂಜಿಯಿಂದ ಕಿತ್ತು ತೆಗೆಯುವುದು. ಇದಕ್ಕೆ ವೀಡಿಂಗ್ ಅನ್ನುತ್ತಾರೆ, ಗದ್ದೆಯ ಕಳೆ ತೆಗೆದ ಹಾಗೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕತ್ತರಿಸಲು ಬ್ಲೇಡ್ ಬದಲು ಲೇಸರ್ ಬಳಸುವ ಯೋಚನೆ ಇದ್ದರೆ, ಆ ವಿನೈಲ್ ಪಿವಿಸಿ ಅಲ್ಲ ಎನ್ನುವುದನ್ನು ಖಚಿತ ಮಾಡಿಕೊಳ್ಳಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಹಾನಿ, ಯಂತ್ರದ ಲೋಹದ ಭಾಗಗಳಿಗೂ ಹಾನಿ. ಯಾವ ಪ್ಲಾಸ್ಟಿಕ್ ಎಂದು ಗೊತ್ತಿಲ್ಲದಿದ್ದರೆ ಲೇಸರ್ ಬೇಡವೇ ಬೇಡ.

ಅಂಟು ಹಿಡಿಯುವುದು ಹೇಗೆ

ಮೇಣದಬತ್ತಿಯ ಬಿಸಿ ಮೇಣ ಬಟ್ಟೆ ಮೇಲೆ ಬಿದ್ದರೆ ನೂಲುಗಳ ಸಂದಿಯಲ್ಲಿ ಇಳಿದು, ತಣ್ಣಗಾದ ಮೇಲೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಜಿನ ಮೇಲೆ ಬಿದ್ದ ಅದೇ ಮೇಣವನ್ನು ಉಗುರಿನಿಂದ ಎಬ್ಬಿಸಿದರೆ ಇಡಿಯಾಗಿ ಎದ್ದು ಬರುತ್ತದೆ. ವಿನೈಲ್‌ನ ಅಂಟೂ ಹೆಚ್ಚುಕಡಿಮೆ ಹೀಗೆಯೇ. ಕರಗಿದ ಅಂಟು ನೂಲುಗಳ ಸುತ್ತ ಇಳಿಯಬೇಕು, ತಣ್ಣಗಾದಾಗ ಅವುಗಳನ್ನು ಹಿಡಿದು ಗಟ್ಟಿಯಾಗಬೇಕು. ಇಳಿಯಲು ಸಂದಿ ಇರುವ ಬಟ್ಟೆ ಸುಲಭ. ನುಣುಪಾದ, ಲೇಪನ ಇರುವ ಮೇಲ್ಮೈ ಕಷ್ಟ.

ಇದಕ್ಕೆ ಮೂರು ಬೇಕು: ಬಿಸಿ, ಸಮಯ, ಒತ್ತಡ. ಬಿಸಿ ಅಂಟನ್ನು ಕರಗಿಸುತ್ತದೆ. ಆ ಬಿಸಿ ಕ್ಯಾರಿಯರ್ ಶೀಟ್ ಮತ್ತು ಬಣ್ಣ ದಾಟಿ ಕೆಳಗಿನ ಅಂಟಿಗೆ ತಲುಪಲು, ಅಂಟು ಹರಿಯಲು ಸಮಯ ಬೇಕು. ಕರಗಿದ ಅಂಟನ್ನು ನೂಲಿನೊಳಗೆ ತಳ್ಳಲು ಒತ್ತಡ ಬೇಕು. ಮಾಮೂಲಿ ಪಾಲಿಯುರೆಥೇನ್ ವಿನೈಲ್‌ಗಳು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 15 ಸೆಕೆಂಡ್ ಕೇಳುತ್ತವೆ. ಗ್ಲಿಟರ್, ಹಿಗ್ಗುವ ವಿನೈಲ್‌ಗಳಲ್ಲಿ ಕೆಲವು 160ರ ಹತ್ತಿರ ಕೇಳುತ್ತವೆ. ಕಡಿಮೆ ಬಿಸಿಯವು 130 ಅಥವಾ ಅದಕ್ಕಿಂತ ಕೆಳಗೆ. ಸೂಚನೆ ಓದುವಾಗ ಸೆಲ್ಸಿಯಸ್ಸಾ ಫ್ಯಾರನ್‌ಹೀಟಾ ಎಂದು ನೋಡಿಕೊಳ್ಳಿ. 300 ಫ್ಯಾರನ್‌ಹೀಟ್ ಅಂದರೆ ಸುಮಾರು 149 ಸೆಲ್ಸಿಯಸ್.

ಒತ್ತಡದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಇಸ್ತ್ರಿ ಪೆಟ್ಟಿಗೆಯಲ್ಲಿ ಕೆಲಸ ಮಾಡುವವರು ಸೋಲುವುದು ಇಲ್ಲೇ. ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಚದರ ಸೆಂಟಿಮೀಟರ್ ಇದೆ ಅಂತಿಟ್ಟುಕೊಳ್ಳಿ. ಅದರ ಮೇಲೆ 20 ಕಿಲೋ ಭಾರ ಬೀಳುವಂತೆ ಒತ್ತಿದರೂ ಪ್ರತಿ ಚದರ ಸೆಂಟಿಮೀಟರಿಗೆ ಸಿಗುವುದು 0.1 ಕಿಲೋ ಅಷ್ಟೇ. ಪಿಎಸ್ಐ (ಪ್ರತಿ ಚದರ ಇಂಚಿಗೆ ಎಷ್ಟು ಪೌಂಡ್) ಲೆಕ್ಕದಲ್ಲಿ ಸುಮಾರು 1.4. ಬಟ್ಟೆ ನಯ ಮಾಡುವ ಹಾಗೆ ಸುಮ್ನೆ ಕೈ ಇಟ್ಟು ಆಡಿಸಿದರೆ ಇದರ ಕಾಲುಭಾಗವೂ ಸಿಗುವುದಿಲ್ಲ. ಇಸ್ತ್ರಿ ಮಾಡುವ ಮೆತ್ತನೆಯ ಮಣೆಯೂ ತಗ್ಗಿ ಒತ್ತಡ ನುಂಗುತ್ತದೆ. ಗಟ್ಟಿ ಮೇಜಿನ ಮೇಲೆ ಒಂದು ಹತ್ತಿ ಬಟ್ಟೆ ಮಡಿಸಿ ಹಾಸಿ, ಮೇಜು ನಿಮ್ಮ ಸೊಂಟಕ್ಕಿಂತ ಕೆಳಗಿರುವಂತೆ ನೋಡಿಕೊಂಡು, ತೋಳು ನೇರ ಮಾಡಿ ಮೈಭಾರ ಬಿಟ್ಟು ಒತ್ತಿ. ಪೆಟ್ಟಿಗೆಯನ್ನು ಎಳೆದಾಡಬೇಡಿ. ಒಂದು ಜಾಗದಲ್ಲಿ ಒತ್ತಿ, ಎತ್ತಿ, ಪಕ್ಕದಲ್ಲಿ ಇಡಿ. ಎಳೆದರೆ ಕರಗಿದ ಅಂಟಿನ ಮೇಲೆ ಅಕ್ಷರ ಜಾರುತ್ತದೆ.

ಹಬೆ ಪೂರ್ತಿ ಬಂದ್ ಮಾಡಿ. ತಳದಲ್ಲಿರುವ ಹಬೆಯ ತೂತುಗಳ ಕೆಳಗೆ ಬಿಸಿಯೂ ತಾಗುವುದಿಲ್ಲ, ಒತ್ತಡವೂ ಬೀಳುವುದಿಲ್ಲ. ಹಾಗಾಗಿ ಎರಡನೇ ಸಲ ಒತ್ತುವಾಗ ಪೆಟ್ಟಿಗೆಯನ್ನು ಸ್ವಲ್ಪ ಸರಿಸಿ ಇಡಿ. ಬಟ್ಟೆಯ ಲೇಬಲ್ ಮೇಲೆ ಇಸ್ತ್ರಿ ಚಿತ್ರದೊಳಗೆ ಚುಕ್ಕೆಗಳು ಇರುತ್ತವೆ, ಅಲ್ವಾ? ಒಂದು ಚುಕ್ಕೆ ಅಂದರೆ ಸುಮಾರು 110 ಡಿಗ್ರಿ, ಎರಡು ಅಂದರೆ 150, ಮೂರು ಅಂದರೆ 200. ಒಂದೇ ಚುಕ್ಕೆ ಇರುವ ಬಟ್ಟೆಗೆ 150 ಡಿಗ್ರಿಯ ವಿನೈಲ್ ಹೊಂದುವುದಿಲ್ಲ ಎನ್ನುವುದನ್ನು ಆ ಲೇಬಲ್ಲೇ ಹೇಳುತ್ತಿರುತ್ತದೆ. ನೋಡುವವರು ಮಾತ್ರ ಕಡಿಮೆ.

ಹೀಟ್ ಪ್ರೆಸ್ ಇದ್ದರೆ ಈ ತೊಂದರೆಗಳು ಬಹುಪಾಲು ಇಲ್ಲ. ಗಾಳಿಯ ಒತ್ತಡದಲ್ಲಿ ನಡೆಯುವ ಪ್ರೆಸ್‌ಗಳಲ್ಲಿ ಮೀಟರ್ ತೋರಿಸುವ 40 ಪಿಎಸ್ಐ, ಸಿಲಿಂಡರಿನೊಳಗಿನ ಗಾಳಿಯ ಒತ್ತಡ. ಬಟ್ಟೆ ಮೇಲೆ ಬೀಳುವ ಒತ್ತಡ ಅದಲ್ಲ. ಕೈಯಲ್ಲಿ ಮುಚ್ಚುವ ಪ್ರೆಸ್‌ನಲ್ಲಿ ಸಂಖ್ಯೆಯೇ ಇರುವುದಿಲ್ಲ, ಅಲ್ಲಿ ಕಾಗದದ ಪರೀಕ್ಷೆ ಸಾಕು. ಪ್ರೆಸ್ ತಣ್ಣಗಿರುವಾಗ ನಾಲ್ಕೂ ಮೂಲೆಗೆ ಒಂದೊಂದು ಕಾಗದದ ಪಟ್ಟಿ ಇಟ್ಟು ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಬಂದರೆ ಒತ್ತಡ ಸಾಲದು. ಒಂದು ಮೂಲೆಯಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ತಟ್ಟೆ ಸಮ ಇಲ್ಲ. ತಟ್ಟೆಯ ಬಿಸಿ ಅಳೆಯಲು ದೂರದಿಂದ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸುವವರು ಗಮನಿಸಬೇಕಾದ ಒಂದು ವಿಷಯ ಇದೆ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ತಾಗಿಸಿ ಅಳೆಯುವ ಮೀಟರ್ ಜಾಸ್ತಿ ನಂಬಿಕೆಯದ್ದು.

ಹತ್ತಿ: ಸುಲಭ, ಆದರೆ ನೀರು ಹಿಡಿದಿರುತ್ತದೆ

ಹತ್ತಿ ಕರಗುವುದಿಲ್ಲ. 150 ಡಿಗ್ರಿಯನ್ನು ಆರಾಮಾಗಿ ತಡೆಯುತ್ತದೆ. ನೂಲುಗಳ ನಡುವೆ ಬೇಕಾದಷ್ಟು ಸಂದಿ ಇದೆ. ಕಲಿಯಲು ಇದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಜೀನ್ಸ್, ಕ್ಯಾನ್ವಾಸ್ ಕೂಡ ಹೀಗೆಯೇ, ಸ್ವಲ್ಪ ಜಾಸ್ತಿ ಒತ್ತಡ ಕೊಟ್ಟರಾಯಿತು.

ಒಂದೇ ತೊಂದರೆ, ಹತ್ತಿ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. 20 ಡಿಗ್ರಿ ಬಿಸಿ, ಶೇ. 65 ತೇವ ಇರುವ ಗಾಳಿಯಲ್ಲಿ ಅದು ತನ್ನ ಒಣ ತೂಕದ ಸುಮಾರು ಶೇ. 8.5ರಷ್ಟು ನೀರನ್ನು ಹಿಡಿದಿರುತ್ತದೆ. 200 ಗ್ರಾಂ ತೂಗುವ ಟೀ ಶರ್ಟ್‌ನಲ್ಲಿ ಸುಮಾರು 15 ಗ್ರಾಂ ನೀರು! ಮುಟ್ಟಿದರೆ ಒಣಗಿಯೇ ಇರುತ್ತದೆ. 150 ಡಿಗ್ರಿ ತಾಗಿದ ಕೂಡಲೇ ಆ ನೀರು ಹಬೆಯಾಗುತ್ತದೆ. ಮೇಲೆ ವಿನೈಲ್ ಮುಚ್ಚಿದ್ದರೆ ಹೊರಗೆ ಹೋಗಲು ದಾರಿ ಇಲ್ಲ. ಗುಳ್ಳೆ ಏಳುತ್ತದೆ, ಅಂಟು ಅಲ್ಲಲ್ಲಿ ಹಿಡಿಯುವುದಿಲ್ಲ. ಹೀಗಾಗಿಯೇ ವಿನೈಲ್ ಇಡುವ ಮೊದಲು ಖಾಲಿ ಬಟ್ಟೆಯನ್ನು ಐದಾರು ಸೆಕೆಂಡ್ ಒತ್ತಿ, ಪ್ರೆಸ್ ತೆರೆದು ಹಬೆ ಹೋಗಲು ಬಿಡಬೇಕು. ಮಳೆಗಾಲದಲ್ಲಿ ಇದನ್ನು ಎರಡು ಸಲ ಮಾಡಿದರೂ ತಪ್ಪಿಲ್ಲ. ಪಾಲಿಯೆಸ್ಟರ್ ಇದೇ ಗಾಳಿಯಲ್ಲಿ ಹಿಡಿಯುವುದು ಬರೀ ಶೇ. 0.4. ಅಲ್ಲಿ ಇದು ಸುಕ್ಕು ಬಿಡಿಸಲು ಮಾತ್ರ.

ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ವಿನೈಲ್ ಹಾಗೆ ಕುಗ್ಗುವುದಿಲ್ಲ. ಆಗ ಅಕ್ಷರದ ಸುತ್ತ ನೆರಿಗೆ ಬೀಳುತ್ತದೆ. ಸಾಧ್ಯ ಇದ್ದರೆ ಒಮ್ಮೆ ಒಗೆದು ಒಣಗಿಸಿ ಆಮೇಲೆ ಒತ್ತಿ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದು ನೂಲಿನ ಮೇಲೆ ಬಿಡುವ ಜಿಡ್ಡಿನ ಪದರ ಅಂಟಿಗೆ ಅಡ್ಡ ಬರುತ್ತದೆ.

ಪಾಲಿಯೆಸ್ಟರ್: ಬಣ್ಣ ಮೇಲೇರುವ ಬಟ್ಟೆ

ಆಟದ ಜೆರ್ಸಿಗಳಿಂದ ಹಿಡಿದು ಚೀಲಗಳವರೆಗೆ ಪಾಲಿಯೆಸ್ಟರ್ ಎಲ್ಲ ಕಡೆ ಇದೆ. ಇದು ಕರಗುವುದು 250 ಡಿಗ್ರಿ ದಾಟಿದ ಮೇಲೆ. ಹಾಗಾದರೆ 150ರಲ್ಲಿ ಏನು ಭಯ ಅನಿಸಬಹುದು. ಭಯ ಕರಗುವುದರದ್ದಲ್ಲ, ಬಣ್ಣದ್ದು.

ಪಾಲಿಯೆಸ್ಟರ್‌ಗೆ ಹಾಕುವುದು ಡಿಸ್ಪರ್ಸ್ ಡೈ ಎನ್ನುವ ಬಣ್ಣ. ಅದು ನೂಲಿನ ಜೊತೆ ರಾಸಾಯನಿಕವಾಗಿ ಕಟ್ಟಿಕೊಂಡಿರುವುದಿಲ್ಲ. ಪ್ಲಾಸ್ಟಿಕ್ ನೂಲಿನೊಳಗೆ ಕರಗಿ ಕೂತಿರುತ್ತದೆ, ಅಷ್ಟೇ. ಬಣ್ಣ ಹಾಕುವಾಗಲೂ ಬಿಸಿ ಕೊಟ್ಟೇ ಒಳಗೆ ಸೇರಿಸುತ್ತಾರೆ. ಒತ್ತಡದ ಪಾತ್ರೆಯಲ್ಲಿ ಸುಮಾರು 130 ಡಿಗ್ರಿ. ಒಳಗೆ ಹೋಗಲು ಬಿಸಿ ಬೇಕಾದ ಮೇಲೆ, ಅಷ್ಟೇ ಬಿಸಿ ಸಿಕ್ಕರೆ ಹೊರಗೂ ಬರಬಹುದಲ್ವಾ? ಪಾಲಿಯೆಸ್ಟರ್‌ನ ಒಳರಚನೆ 70–80 ಡಿಗ್ರಿ ದಾಟಿದ ಮೇಲೆ ಸಡಿಲವಾಗುತ್ತದೆ. 150ರಲ್ಲಿ ಬಣ್ಣದ ಅಣುಗಳು ಓಡಾಡುತ್ತವೆ. ಮೇಲೆ ಕೂತಿರುವ ವಿನೈಲ್ ಕೂಡ ಪ್ಲಾಸ್ಟಿಕ್ಕೇ. ಅವು ಅದರೊಳಗೂ ನುಗ್ಗುತ್ತವೆ. ಕೆಂಪು ಜೆರ್ಸಿ ಮೇಲಿನ ಬಿಳಿ ಅಕ್ಷರ ಗುಲಾಬಿ ಆಗುವುದು ಹೀಗೆ. ಕಡು ಕೆಂಪು, ಮರೂನ್, ಕಡು ನೀಲಿ, ಕಪ್ಪು ಬಟ್ಟೆಗಳ ಮೇಲೆ ಬಿಳಿ, ಹಳದಿಯಂಥ ತಿಳಿ ಬಣ್ಣ ಇಟ್ಟಾಗ ಇದು ಎದ್ದು ಕಾಣುತ್ತದೆ.

ಇದರಲ್ಲಿ ಮೋಸ ಹೋಗುವ ಸಂಗತಿ, ಬಣ್ಣ ಕೂಡಲೇ ಕಾಣುವುದಿಲ್ಲ. ಪ್ರೆಸ್‌ನಿಂದ ತೆಗೆದಾಗ ಹಾಲಿನಂತೆ ಬೆಳ್ಳಗಿರುತ್ತದೆ. ಕೆಲವು ಗಂಟೆ, ಕೆಲವು ಸಲ ಕೆಲವು ದಿನ ಬಿಟ್ಟು ನಿಧಾನಕ್ಕೆ ಮೇಲೆ ಬರುತ್ತದೆ. ಅಷ್ಟರಲ್ಲಿ ಇಡೀ ತಂಡದ ಜೆರ್ಸಿಗಳನ್ನು ಒತ್ತಿ ಮುಗಿಸಿರುತ್ತೀರಿ. ಹಾಗಾಗಿ ದೊಡ್ಡ ಆರ್ಡರ್ ಇದ್ದರೆ ಒಂದನ್ನು ಒತ್ತಿ ಒಂದೆರಡು ದಿನ ಇಟ್ಟು ನೋಡುವುದು ಪಾಲಿಯೆಸ್ಟರ್‌ನಲ್ಲಿ ಬಿಡಲೇಬಾರದ ಹೆಜ್ಜೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಪರಿಹಾರ ಎರಡಿವೆ. ಕಡಿಮೆ ಬಿಸಿಯಲ್ಲಿ ಹಿಡಿಯುವ ವಿನೈಲ್ ಬಳಸುವುದು ಒಂದು. 130ಕ್ಕೆ ಇಳಿದರೆ ಬಣ್ಣದ ಓಡಾಟ ಬಹಳ ಕಡಿಮೆಯಾಗುತ್ತದೆ. ಇನ್ನೊಂದು, ಬಣ್ಣ ತಡೆಯುವ ಬ್ಲಾಕರ್ ವಿನೈಲ್. ಇದರಲ್ಲಿ ಮೇಲಿನ ಬಣ್ಣಕ್ಕೂ ಅಂಟಿಗೂ ನಡುವೆ ಬೂದು ಅಥವಾ ಕಪ್ಪು ಪದರ ಇರುತ್ತದೆ. ಇಡೀ ಬಟ್ಟೆಯಲ್ಲೇ ಚಿತ್ರ ಮುದ್ರಿಸಿರುವ ಸಬ್ಲಿಮೇಶನ್ ಜೆರ್ಸಿಗಳಿಗಂತೂ ಬ್ಲಾಕರ್ ಇಲ್ಲದೆ ಕೈ ಹಾಕಬೇಡಿ. ಸರಿಯಾಗಿ ಹಿಡಿಯಲಿಲ್ಲ ಎಂದು ಬಿಸಿ ಏರಿಸುವುದು, ಇನ್ನೂ ಹತ್ತು ಸೆಕೆಂಡ್ ಇಡುವುದು ಪಾಲಿಯೆಸ್ಟರ್‌ನಲ್ಲಿ ತಪ್ಪು ದಾರಿ.

ಪ್ರೆಸ್‌ನ ತಟ್ಟೆಯ ಚೌಕಾಕಾರದ ಗುರುತು ಬಟ್ಟೆ ಮೇಲೆ ಹೊಳಪಾಗಿ ಉಳಿಯುವುದೂ ಈ ಬಟ್ಟೆಯ ತೊಂದರೆಯೇ. ನೂಲು ಚಪ್ಪಟೆಯಾಗಿ ಬೆಳಕನ್ನು ಬೇರೆ ಥರ ಹೊಳೆಯಿಸುತ್ತದೆ. ಬಟ್ಟೆಯ ಒಳಗೆ, ವಿನ್ಯಾಸಕ್ಕಿಂತ ಸ್ವಲ್ಪವೇ ದೊಡ್ಡದಾದ ಪ್ರೆಸ್ ದಿಂಬು (ಬಿಸಿ ತಡೆಯುವ ಮೆತ್ತೆ) ಇಟ್ಟರೆ ಒತ್ತಡ ಅಷ್ಟೇ ಜಾಗಕ್ಕೆ ಬೀಳುತ್ತದೆ, ತಟ್ಟೆಯ ಅಂಚು ಬಟ್ಟೆಗೆ ಒತ್ತುವುದಿಲ್ಲ.

ಹತ್ತಿ–ಪಾಲಿಯೆಸ್ಟರ್ ಮಿಶ್ರಣ ಇದ್ದರೆ? ಅದನ್ನು ಪಾಲಿಯೆಸ್ಟರ್ ಎಂದೇ ಲೆಕ್ಕ ಹಾಕಿ. ಎರಡರಲ್ಲಿ ಯಾವುದು ಬಿಸಿಗೆ ಹೆದರುತ್ತದೋ ಅದರ ಮಾತೇ ನಡೆಯಬೇಕು.

ನೈಲಾನ್ ಮತ್ತು ನೀರು ಹಿಡಿಯದ ಬಟ್ಟೆಗಳು

ಕೊಡೆ, ಗಾಳಿ ತಡೆಯುವ ಜಾಕೆಟ್, ಬೆನ್ನಿಗೆ ಹಾಕುವ ಚೀಲಗಳಲ್ಲಿ ನೈಲಾನ್ ಸಾಮಾನ್ಯ. ಇಲ್ಲಿ ಎರಡು ಅಡ್ಡಿ ಒಟ್ಟಿಗೆ ಬರುತ್ತವೆ. ನೇಯ್ಗೆ ಒತ್ತಾಗಿದ್ದು ಅಂಟು ಇಳಿಯಲು ಸಂದಿ ಕಡಿಮೆ. ಅದರ ಮೇಲೆ ನೀರು ಜಾರಿ ಹೋಗುವ ಲೇಪನ. ನೀರನ್ನು ಜಾರಿಸುವ ಲೇಪನ ಕರಗಿದ ಅಂಟನ್ನೂ ಹರಡಲು ಬಿಡುವುದಿಲ್ಲ.

ಲೇಪನ ಇದೆಯೋ ಇಲ್ಲವೋ ತಿಳಿಯಲು ಒಂದು ಹನಿ ನೀರು ಸಾಕು. ಬಟ್ಟೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಬೆರಳ ತುದಿಯಿಂದ ಒಂದು ಹನಿ ಬಿಡಿ. ಹನಿ ಕೆಲವೇ ಕ್ಷಣದಲ್ಲಿ ಹರಡಿ ಬಟ್ಟೆಯ ಬಣ್ಣ ಕಡು ಮಾಡಿದರೆ ಮಾಮೂಲಿ ವಿನೈಲ್ ಪ್ರಯತ್ನಿಸಬಹುದು. ಮುತ್ತಿನಂತೆ ಗುಂಡಗೆ ನಿಂತು, ಬಟ್ಟೆ ಓರೆ ಮಾಡಿದರೆ ಉರುಳಿ ಹೋದರೆ ಲೇಪನ ಇದೆ ಎಂದೇ ಅರ್ಥ. ಅಲ್ಲಿ ನೈಲಾನ್‌ಗೆ ಎಂದೇ ಮಾಡಿದ, ಜಾಸ್ತಿ ಹಿಡಿತದ ಅಂಟಿನ ವಿನೈಲ್ ಬೇಕು. ಅದೂ ಕಡಿಮೆ ಬಿಸಿಯಲ್ಲಿ ಹಿಡಿಯುವಂಥದ್ದಾಗಿರಲಿ, ನೈಲಾನ್ ಬೇಗ ಸುಕ್ಕಾಗುತ್ತದೆ. ಆಲ್ಕೋಹಾಲ್‌ನಿಂದ ಒರೆಸಿದರೆ ಮೇಲಿನ ಜಿಡ್ಡು, ಧೂಳು ಹೋಗುತ್ತದೆ. ಒಳ್ಳೆಯದೇ. ಆದರೆ ಕಾರ್ಖಾನೆಯಲ್ಲಿ ಕೂರಿಸಿದ ಲೇಪನ ಅಷ್ಟಕ್ಕೇ ಹೋಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಹಿಗ್ಗುವ ಬಟ್ಟೆ, ಹೆದರುವ ಬಟ್ಟೆ

ಸ್ಪ್ಯಾಂಡೆಕ್ಸ್ ಬೆರೆತ ಲೆಗ್ಗಿಂಗ್ಸ್, ಈಜುಡುಗೆಗೆ ಮಾಮೂಲಿ ವಿನೈಲ್ ಚೆನ್ನಾಗಿಯೇ ಅಂಟುತ್ತದೆ. ತೊಂದರೆ ಬರುವುದು ತೊಟ್ಟ ಮೇಲೆ. ಬಟ್ಟೆ ಹಿಗ್ಗುತ್ತದೆ, ವಿನೈಲ್ ಅಷ್ಟು ಹಿಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಸ್ಟ್ರೆಚ್ ಎಂದು ಬರೆದಿರುವ ತೆಳು ವಿನೈಲ್ ತನ್ನಿ. ಒತ್ತುವಾಗ ಬಟ್ಟೆಯನ್ನು ಎಳೆದು ಹಿಡಿಯಬೇಡಿ. ಎಳೆದು ಒತ್ತಿದರೆ ಬಿಟ್ಟ ಮೇಲೆ ಬಟ್ಟೆ ಕುಗ್ಗಿ ಅಕ್ಷರ ಮುದುಡುತ್ತದೆ.

ಪಾಲಿಪ್ರೊಪಿಲೀನ್ ಎನ್ನುವ ಪ್ಲಾಸ್ಟಿಕ್ ಕರಗುವುದು ಸುಮಾರು 160ರಿಂದ 165 ಡಿಗ್ರಿಯಲ್ಲಿ, ಅದಕ್ಕೂ ಮೊದಲೇ ಮೆತ್ತಗಾಗಿ ಕುಗ್ಗಲು ಶುರು. ನಾನ್‌ವೋವನ್ ಚೀಲಗಳಲ್ಲಿ ಬಹುಪಾಲು ಇದರಿಂದಲೇ ಆದವು. ಕಡಿಮೆ ಬಿಸಿಯ ವಿನೈಲ್ ಇಲ್ಲದೆ ಇವುಗಳ ತಂಟೆಗೆ ಹೋಗಬೇಡಿ. ಇದ್ದರೂ ಮೇಲೆ ಟೆಫ್ಲಾನ್ ಶೀಟ್ (ಬಿಸಿಯಲ್ಲೂ ಯಾವುದಕ್ಕೂ ಅಂಟದ ಹಾಳೆ) ಮುಚ್ಚಿ, ಒಂದು ಚೀಲ ಕೆಡಲು ಸಿದ್ಧವಾಗಿಯೇ ಪರೀಕ್ಷೆ ಮಾಡಿ. ಅಕ್ರಿಲಿಕ್ ನೂಲಿನ ಟೋಪಿ, ಸ್ವೆಟರ್‌ಗಳೂ ಬಿಸಿಗೆ ಆಕಾರ ಕೆಡುತ್ತವೆ.

ಉಣ್ಣೆ, ರೇಷ್ಮೆ ಕರಗುವುದಿಲ್ಲ, ಆದರೆ ಜಾಸ್ತಿ ಬಿಸಿಗೆ ಹಳದಿಯಾಗಿ ಕರಕಲಾಗುತ್ತವೆ. ಕಡಿಮೆ ಬಿಸಿ, ಕಡಿಮೆ ಸಮಯ, ಮೇಲೊಂದು ಹಾಳೆ. ತೆಳು ರೇಷ್ಮೆಯಲ್ಲಿ ಅಂಟು ಹಿಂದಿನ ಬದಿಗೂ ಇಳಿದು ಕಲೆ ಕಾಣಬಹುದು. ರೇಯಾನ್ ಹತ್ತಿಯ ಹಾಗೆಯೇ ನಡೆದುಕೊಳ್ಳುತ್ತದೆ, ನೀರು ಮಾತ್ರ ಇನ್ನೂ ಜಾಸ್ತಿ ಹಿಡಿದಿರುತ್ತದೆ.

ಲೇಬಲ್ ಹರಿದು ಹೋಗಿ ಯಾವ ಬಟ್ಟೆ ಎಂದೇ ಗೊತ್ತಿಲ್ಲದಿದ್ದರೆ, ಒಳಹೊಲಿಗೆಯಿಂದ ಎರಡು ನೂಲು ಕಿತ್ತು, ಚಿಮುಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿ ಬಿಡುತ್ತದೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್, ನೈಲಾನ್ ಮುದುಡಿ ಕರಗಿ, ತಣ್ಣಗಾದಾಗ ಗಟ್ಟಿ ಮಣಿಯಾಗುತ್ತವೆ. ಮಣಿ ಸಿಕ್ಕಿತು ಅಂದರೆ ಬಿಸಿ ಇಳಿಸಿ.

ಬಟ್ಟೆ ಅಲ್ಲದ್ದಕ್ಕೂ ಅಂಟುತ್ತದೆಯೇ

ಮರಕ್ಕೆ ಬಹಳ ಚೆನ್ನಾಗಿ ಅಂಟುತ್ತದೆ. ಮರದಲ್ಲೂ ನಾರು, ಸಂದಿ ಇದೆಯಲ್ಲ. ಪಾಲಿಶ್ ಮಾಡದ ಮರವನ್ನು ಉಪ್ಪು ಕಾಗದದಿಂದ ಉಜ್ಜಿ, ಧೂಳು ಪೂರ್ತಿ ಒರೆಸಿ ಒತ್ತಿ. ವಾರ್ನಿಷ್ ಹೊಡೆಯುವುದಾದರೆ ವಿನೈಲ್ ಅಂಟಿಸಿದ ಮೇಲೆ ಹೊಡೆಯಿರಿ. ಮೊದಲೇ ಹೊಡೆದಿದ್ದರೆ ಅದು ಬಿಸಿಗೆ ಮೆತ್ತಗಾಗಿ ಟೆಫ್ಲಾನ್ ಶೀಟ್‌ಗೆ ಹತ್ತಬಹುದು. ಮರದ ಹಲಗೆ ಪೂರ್ತಿ ಸಮ ಇರುವುದು ಅಪರೂಪ, ಹಾಗಾಗಿ ಇಲ್ಲಿ ದೊಡ್ಡ ಪ್ರೆಸ್‌ಗಿಂತ ಪುಟ್ಟ ಇಸ್ತ್ರಿ ಪೆಟ್ಟಿಗೆಯೇ ಅನುಕೂಲ. ಸಮಯ ಬಟ್ಟೆಗಿಂತ ಜಾಸ್ತಿ ಬೇಕು. ಕ್ಯಾರಿಯರ್ ಶೀಟ್ ನಿಧಾನಕ್ಕೆ, ಚಪ್ಪಟೆಯಾಗಿ ಹಿಂದಕ್ಕೆ ಮಡಿಸಿಕೊಂಡು ಎಳೆಯಿರಿ. ಎಲ್ಲಾದರೂ ಅಕ್ಷರ ಎದ್ದರೆ ಹಾಳೆ ಮತ್ತೆ ಇಳಿಸಿ ಇನ್ನೊಮ್ಮೆ ಒತ್ತಿ.

ನಿಜವಾದ ಚರ್ಮ ಬಿಸಿಗೆ ಕುಗ್ಗುತ್ತದೆ, ತಟ್ಟೆಯ ಗುರುತೂ ಬೀಳುತ್ತದೆ. ರೆಕ್ಸಿನ್ ಇನ್ನೂ ಸೂಕ್ಷ್ಮ, ಅದರ ಮೇಲ್ಪದರವೇ ಪ್ಲಾಸ್ಟಿಕ್. ಎರಡಕ್ಕೂ ಕಡಿಮೆ ಬಿಸಿಯ ವಿನೈಲ್, ಚಿಕ್ಕ ಚಿಕ್ಕ ಅವಧಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ. ಸೆಣಬಿನ ಚೀಲದಲ್ಲಿ ಅಡ್ಡಿ ಬೇರೆ ಥರ: ನೇಯ್ಗೆ ತೀರಾ ಬಿಡಿ. ತೆಳು ಅಕ್ಷರದ ಅರ್ಧ ಗಾಳಿಯಲ್ಲೇ ನಿಂತಿರುತ್ತದೆ. ದಪ್ಪ ಅಕ್ಷರ, ಗಟ್ಟಿ ಒತ್ತಡ ಇದ್ದರೆ ಮಾತ್ರ ಸರಿಹೋಗುತ್ತದೆ.

ಗಾಜು, ಸೆರಾಮಿಕ್, ಲೋಹದ ಮೇಲೆ? ಅಂಟಿಸಬಹುದು, ಅಂಟಿಸಿದವರೂ ಇದ್ದಾರೆ. ಲೋಹ ಬಿಸಿಯನ್ನು ಎಳೆದುಕೊಳ್ಳುತ್ತದೆ, ಇಡೀ ವಸ್ತು ಬಿಸಿಯಾಗುವವರೆಗೂ ಅಂಟು ಕರಗುವುದಿಲ್ಲ. ಕರಗಿದರೂ ಇಳಿಯಲು ಸಂದಿ ಇಲ್ಲ, ಮೇಲೆ ಮೇಲೆ ಕೂತಿರುತ್ತದೆ. ತೊಳೆದು ಬಳಸುವ ಲೋಟ, ಬಾಟಲಿಗಳಿಗೆ ಸ್ಟಿಕ್ಕರ್‌ನಂತೆ ಅಂಟುವ ಬೇರೆ ವಿನೈಲ್ ಇದೆ, ಅದನ್ನೇ ಬಳಸಿ. ಪ್ಲಾಸ್ಟಿಕ್ ಡಬ್ಬ, ಸಿಲಿಕೋನ್, ರಬ್ಬರ್‌ಗೆ ಪ್ರಯತ್ನವೇ ಬೇಡ.

ಹೊಲಿಗೆ, ಜಿಪ್, ಗುಂಡಿ

ವಿನ್ಯಾಸದ ಪಕ್ಕದಲ್ಲಿ ದಪ್ಪ ಹೊಲಿಗೆ ಇದ್ದರೆ ಪ್ರೆಸ್‌ನ ತಟ್ಟೆ ಅದರ ಮೇಲೆ ನಿಂತುಬಿಡುತ್ತದೆ. ಒತ್ತಡವೆಲ್ಲ ಹೊಲಿಗೆಗೆ, ಅಕ್ಷರಕ್ಕೆ ಏನೂ ಇಲ್ಲ. ಮಧ್ಯದ ಅಕ್ಷರಗಳು ಗಟ್ಟಿಯಾಗಿ ಹಿಡಿದು, ಹೊಲಿಗೆ ಪಕ್ಕದ ಒಂದೆರಡು ಅಕ್ಷರ ಮಾತ್ರ ಪದೇಪದೇ ಏಳುತ್ತಿದ್ದರೆ ಕಾರಣ ಇದೇ. ಜಿಪ್, ಗುಂಡಿ, ಜೇಬು, ಕಾಲರ್ ಎಲ್ಲವೂ ಹೀಗೆ. ಬಟ್ಟೆಯನ್ನು ಪ್ರೆಸ್‌ನ ಅಂಚಿಗೆ ಸರಿಸಿ ಹೊಲಿಗೆ ಹೊರಗೆ ಇಳಿಬೀಳುವಂತೆ ಇಡಿ. ಆಗದಿದ್ದರೆ ಮತ್ತೆ ಪ್ರೆಸ್ ದಿಂಬು: ವಿನ್ಯಾಸದ ಕೆಳಗೆ ಇಟ್ಟರೆ ಅಷ್ಟು ಜಾಗ ಎತ್ತರವಾಗಿ, ಹೊಲಿಗೆ ಕೆಳಗೆ ಉಳಿಯುತ್ತದೆ.

ಹಾಳೆ ಎಳೆಯುವುದು ಯಾವಾಗ

ವಿನೈಲ್‌ನ ಪ್ಯಾಕೆಟ್ ಮೇಲೆ ಹಾಟ್ ಪೀಲ್ ಎಂದಿದ್ದರೆ ಕ್ಯಾರಿಯರ್ ಶೀಟನ್ನು ಬಿಸಿಯಲ್ಲೇ ಎಳೆಯಬೇಕು. ಕೋಲ್ಡ್ ಪೀಲ್ ಎಂದಿದ್ದರೆ ಅಂಗೈ ಇಟ್ಟಾಗ ಬಿಸಿ ಗೊತ್ತಾಗದಷ್ಟು ತಣ್ಣಗಾಗುವವರೆಗೆ ಕಾಯಬೇಕು. ಕೋಲ್ಡ್ ಪೀಲ್‌ನಲ್ಲಿ ಅವಸರ ಮಾಡಿದರೆ, ಅಂಟು ಇನ್ನೂ ಮೆತ್ತಗೇ ಇರುತ್ತದೆ, ಅಕ್ಷರ ಬಟ್ಟೆಗಿಂತ ಹಾಳೆಯನ್ನೇ ಗಟ್ಟಿಯಾಗಿ ಹಿಡಿದಿರುತ್ತದೆ.

ಹಾಳೆ ತೆಗೆದ ಮೇಲೆ ಟೆಫ್ಲಾನ್ ಶೀಟ್ ಅಥವಾ ಬೇಕಿಂಗ್ ಪಾರ್ಚ್‌ಮೆಂಟ್ ಕಾಗದ ಮುಚ್ಚಿ ಇನ್ನೂ ಎರಡು ಮೂರು ಸೆಕೆಂಡ್ ಒತ್ತಿ. ಮೇಣದ ಕಾಗದ ಬೇಡ, ಮೇಣ ಕರಗಿ ಬಟ್ಟೆಗೆ ಹತ್ತುತ್ತದೆ. ಈಗ ಬಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಅಕ್ಷರದ ಮೇಲ್ಮೈ ನೋಡಿ. ಒತ್ತುವ ಮೊದಲು ಪ್ಲಾಸ್ಟಿಕ್‌ನಂತೆ ನುಣ್ಣಗೆ ಹೊಳೆಯುತ್ತಿದ್ದ ವಿನೈಲ್‌ನಲ್ಲಿ ಈಗ ಕೆಳಗಿನ ನೇಯ್ಗೆಯ ಸಣ್ಣ ಸಣ್ಣ ಗೆರೆಗಳು ಮೂಡಿರಬೇಕು. ತೆಳು ವಿನೈಲ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ನೇಯ್ಗೆ ಮೂಡಿದ್ದರೆ ಅಂಟು ಒಳಗಿಳಿದಿದೆ. ಗಾಜಿನಂತೆ ನುಣ್ಣಗೇ ಇದ್ದರೆ, ಅಂಚನ್ನು ಉಗುರಿನಿಂದ ಮೆಲ್ಲಗೆ ಕೆದಕಿ ನೋಡಿ. ಎದ್ದರೆ ಮೊದಲು ಒತ್ತಡ ಹೆಚ್ಚಿಸಿ, ಆಮೇಲೆ ಸಮಯ. ಬಿಸಿಯನ್ನು ಕೊನೆಗೆ ಮುಟ್ಟಿ.

ಒಂದರ ಮೇಲೊಂದು ಬಣ್ಣ ಹಾಕುವುದಾದರೆ ಕೆಳಗಿನ ಪದರವನ್ನು ಒಂದೆರಡು ಸೆಕೆಂಡ್ ಮಾತ್ರ ಒತ್ತಿ ನಿಲ್ಲಿಸಿ, ಪೂರ್ತಿ ಸಮಯವನ್ನು ಕೊನೆಯ ಪದರಕ್ಕೆ ಉಳಿಸಿ. ಪ್ರತಿ ಸಲ ಬಿಸಿ ತಾಗಿದಾಗಲೂ ವಿನೈಲ್ ಕೂದಲೆಳೆಯಷ್ಟು ಕುಗ್ಗುತ್ತದೆ. ಕೆಳಗಿನದನ್ನು ಪೂರ್ತಿ ಬೇಯಿಸಿಬಿಟ್ಟರೆ ಮೇಲಿನದು ಅಂಚಿಗೆ ಸರಿಯಾಗಿ ಕೂರುವುದಿಲ್ಲ. ಗ್ಲಿಟರ್, ಮಖಮಲ್ಲಿನಂಥ ಫ್ಲಾಕ್, ಉಬ್ಬುವ ಪಫ್ ವಿನೈಲ್ ಯಾವತ್ತೂ ಮೇಲಿನ ಪದರವಾಗಿಯೇ ಇರಲಿ. ಅವುಗಳ ಒರಟು ಮೈ ಮೇಲೆ ಇನ್ನೊಂದು ವಿನೈಲ್ ನಿಲ್ಲುವುದಿಲ್ಲ.

ಒತ್ತಿದ ಬಟ್ಟೆಯನ್ನು ಕನಿಷ್ಠ 24 ಗಂಟೆ ಒಗೆಯಬೇಡಿ, ಅಂಟು ಪೂರ್ತಿ ಗಟ್ಟಿಯಾಗಲಿ. ಆಮೇಲೆ ಒಳಬದಿ ಹೊರಗೆ ಬರುವಂತೆ ತಿರುವಿ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಒಗೆಯಿರಿ. ಬ್ಲೀಚ್ ಬೇಡ, ಅಕ್ಷರದ ಮೇಲೆ ಬ್ರಷ್ ಉಜ್ಜುವುದೂ ಬೇಡ. ಡ್ರೈಯರ್‌ನಲ್ಲಿ ಒಣಗಿಸುವುದಾದರೆ ಕಡಿಮೆ ಬಿಸಿ. ಬೇರೆಯವರಿಗೆ ಮಾಡಿಕೊಡುತ್ತಿದ್ದರೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಟ್ಟೆಯ ಜೊತೆಗೇ ಇಡಿ. ಇಸ್ತ್ರಿ ಮಾಡುವಾಗ ಅಕ್ಷರಕ್ಕೆ ನೇರ ಬಿಸಿ ತಾಗಿಸದೆ ಹಿಂದಿನ ಬದಿಯಿಂದ ಮಾಡಬೇಕು ಎನ್ನುವುದನ್ನೂ ಅದರಲ್ಲಿ ಸೇರಿಸಿ.